ಮೇಲಿನ ಹೊಲದ ಕಾಂಗರೂಗಳು

ಏಪ್ರಿಲ್ 9, ಮಂಗಳವಾರ

ದಿನಚರಿ ಬರೆಯುವ ಅಭ್ಯಾಸ ನನಗಿಲ್ಲ. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಮಕ್ಕಳಿಗೆ ದಿನಚರಿ ಬರೆಯಿರಿ ಎಂದು ಉಪದೇಶಿಸಿದ್ದೇನೆಯೇ ಹೊರತು ನಾನೊಂದು ಪುಟ ಬರೆದವಳಲ್ಲ. ಇದು ನಿವೃತ್ತಳಾದಾಗ ಕಪಾಟಿನಲ್ಲಿ ಉಳಿದಿದ್ದ ಖಾಲಿ ಹಾಜರಿ ಪುಸ್ತಕ. ಮನೆಯಲ್ಲಿ ಮಾತನಾಡಲು ಯಾರೂ ಇಲ್ಲದ್ದರಿಂದ ಇದರಲ್ಲಿ ಬರೆಯುತ್ತಿದ್ದೇನೆ.

ನನ್ನ ಗಂಡ ಕೆಲ್ವಿನ್ ಬಿದ್ದು ಇಂದಿಗೆ ಹನ್ನೊಂದು ದಿನ. ಹಿತ್ತಿಲ ಶೆಡ್ಡಿನಲ್ಲಿ ಯಾರದೋ ಹುಲ್ಲು ಕತ್ತರಿಸುವ ಯಂತ್ರವನ್ನು ಬಿಚ್ಚಿಕೊಂಡು ಕುಳಿತಿದ್ದ. ಊಟಕ್ಕೆ ಎರಡು ಸಲ ಕರೆದರೂ ಬರಲಿಲ್ಲ. ಸಿಟ್ಟು ಮಾಡಿಕೊಂಡೇ ಹೋದೆ. ನೆಲದ ಮೇಲೆ ಬಿದ್ದಿದ್ದ, ಕಣ್ಣು ತೆರೆದಿತ್ತು. ಪಾರ್ಶ್ವವಾಯು ಎಂದರು. ಬಲಗೈ ಮತ್ತು ಬಲಗಾಲು ಸೋತಿವೆ, ಮಾತು ಪೂರ್ತಿ ಹೋಗಿದೆ. ನಮ್ಮ ವಿಲ್ಗಾ ಕ್ರೀಕ್‌ನಿಂದ ಒಂದೂವರೆ ಗಂಟೆ ದೂರದ ದೊಡ್ಡ ಊರಿನ ಆಸ್ಪತ್ರೆಯಲ್ಲಿದ್ದಾನೆ. ನಾನು ದಿನವೂ ಕಾರಿನಲ್ಲಿ ಹೋಗಿಬರುತ್ತೇನೆ.

ಇಂದು ಅಪರಾಹ್ನ ಮೂರು ಗಂಟೆಗೆ ಮೊದಲ ಮಾತು ಬಂತು. ಎಡಗೈಯಲ್ಲಿ ಚಹಾದ ಲೋಟ ಹಿಡಿಯಲು ಹೋಗಿ ವೈದ್ಯರ ಬೂಟಿನ ಮೇಲೆ ಚೆಲ್ಲಿದ. "ಬಗ್ಗರ್" ಎಂದ. ಸ್ಪಷ್ಟವಾಗಿ, ಜೋರಾಗಿ. ಕುರಿ ಉಣ್ಣೆ ಕತ್ತರಿಸುವವರು ಕೆಲಸ ಕೆಟ್ಟಾಗಲೆಲ್ಲ ಬಾಯಿಬಿಟ್ಟು ಹೇಳುವ ಬೈಗುಳ ಅದು. ವೈದ್ಯರು ನಕ್ಕು, "ಒಳ್ಳೇ ಸೂಚನೆ. ಬೈಗುಳ, ರೂಢಿ ಮಾತು ಇವೆಲ್ಲ ಮೆದುಳಲ್ಲಿ ಬೇರೆ ಕಡೆ ಇರ್ತವೆ, ಮೊದಲು ಅವೇ ವಾಪಸ್ ಬರೋದು" ಎಂದರು. ನನಗೆ ಮಾತ್ರ ನಾಚಿಕೆಯಾಯಿತು. ಅದೇ ಬರಬೇಕಿತ್ತೇ ಮೊದಲು.

ಏಪ್ರಿಲ್ 12, ಶುಕ್ರವಾರ

ಮಾತಿನ ಚಿಕಿತ್ಸೆಗೆ ಒಬ್ಬ ಹುಡುಗಿಯನ್ನು ಗೊತ್ತುಮಾಡಿದ್ದಾರೆ. ಹೆಸರು ಮಾರಿಟ್. ಎಸ್ಟೋನಿಯಾದವಳು, ಈ ದೇಶಕ್ಕೆ ಬಂದು ಮೂರು ವಾರವಾಗಿದೆಯಂತೆ. ಪುಸ್ತಕ ಓದಿ ಕಲಿತ ಭಾಷೆ. "ಶ್ರೀಮತಿ ಡನ್‌ಸ್ಟನ್ ಅವರೇ, ತಾವು ದಯವಿಟ್ಟು ಆ ಕುರ್ಚಿಯಲ್ಲಿ ಕುಳಿತುಕೊಳ್ಳಿ" ಎಂದಳು. ಈ ಆಸ್ಪತ್ರೆಯಲ್ಲಿ ಒಬ್ಬಳಾದರೂ ಪೂರ್ತಿ ವಾಕ್ಯದಲ್ಲಿ ಮಾತನಾಡುತ್ತಾಳಲ್ಲ ಎಂದು ಸಮಾಧಾನವಾಯಿತು.

ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ತೋರಿಸಿದಳು. ಲೋಟ, ಬೀಗದ ಕೈ, ಬಾಚಣಿಗೆ. ಕೆಲ್ ನೋಡಿದ, ಬಾಯಿ ತೆರೆದ, ಹೆಸರು ಬರಲಿಲ್ಲ. ಒಂದಕ್ಕೂ ಬರಲಿಲ್ಲ. ಆಮೇಲೆ ಹೌದು ಅಥವಾ ಇಲ್ಲ ಎನ್ನಬೇಕಾದ ಇಪ್ಪತ್ತು ಪ್ರಶ್ನೆ.

"ನಿಮ್ಮ ಹೆಸರು ಪೀಟರ್ ಎಂದೇ?"

"ಯಾ… ನಾ."

"ನೀವು ಈಗ ಆಸ್ಪತ್ರೆಯಲ್ಲಿ ಇದ್ದೀರಾ?"

"ನಾ, ಯಾ."

ಇಪ್ಪತ್ತಕ್ಕೂ ಹೀಗೇ. ಮಾರಿಟ್ ನನ್ನನ್ನು ಹೊರಗೆ ಕರೆದು, "ಅವರು ಪ್ರತಿಯೊಂದು ಪ್ರಶ್ನೆಗೂ ಹೌದು ಎಂದೂ ಇಲ್ಲ ಎಂದೂ ಒಟ್ಟಿಗೆ ಹೇಳುತ್ತಿದ್ದಾರೆ. ಎರಡರ ವ್ಯತ್ಯಾಸ ಅವರಿಗೆ ತಿಳಿಯುತ್ತಿಲ್ಲವೆಂದು ತೋರುತ್ತದೆ" ಎಂದಳು. ನಾನು ತಲೆಯಾಡಿಸಿದೆ. ಅವನು ಹಾಗೆ ಮಾತನಾಡುವಾಗ ಕಿವಿಗೆ ಹಾಕಿಕೊಳ್ಳದಿರುವುದು ನನಗೆ ಎಷ್ಟೋ ವರ್ಷಗಳ ರೂಢಿ.

ಅವನನ್ನು ಎಲ್ಲಿಗೆ ಕಳಿಸಬೇಕೆಂದು ನಿರ್ಧರಿಸಲು ಮೇ 28ಕ್ಕೆ ಸಭೆಯಂತೆ. ನೋವಾದರೆ ಹೇಳಲಾರದ, ಹೌದು ಇಲ್ಲ ತಿಳಿಯದ ಮನುಷ್ಯನನ್ನು ಅರವತ್ತನಾಲ್ಕರ ಹೆಂಡತಿಯೊಬ್ಬಳ ಜೊತೆ ಮನೆಗೆ ಕಳಿಸುವುದಿಲ್ಲವಂತೆ. ಮಗಳು ಬ್ರೋನ್‌ವಿನ್ ನ್ಯೂಕ್ಯಾಸಲ್‌ನಿಂದ ಫೋನ್ ಮಾಡಿದ್ದಳು. ಅವಳ ಮನೆಯ ಹತ್ತಿರ ಒಂದು ಆರೈಕೆ ಮನೆ ನೋಡಿ ಬಂದಿದ್ದಾಳೆ. ಕಿಟಕಿಯಿಂದ ಸಮುದ್ರ ಕಾಣುತ್ತದಂತೆ. ಕೆಲ್ ಸಮುದ್ರವನ್ನು ಇಷ್ಟಪಟ್ಟದ್ದು ನನಗೆ ನೆನಪಿಲ್ಲ.

ಏಪ್ರಿಲ್ 15

ಹೋದೆ, ಬಂದೆ.

ಏಪ್ರಿಲ್ 17, ಬುಧವಾರ

ಇಂದು ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಮಾರಿಟ್ ಮುಖ ಚಿಕ್ಕದು ಮಾಡಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದಳು. "ವಿಷಯ ಸ್ವಲ್ಪ ಗಂಭೀರವಾಗಿದೆ. ಅವರಿಗೆ ತಾವು ಎಲ್ಲಿದ್ದೇವೆ ಎಂಬ ಅರಿವು ತಪ್ಪುತ್ತಿದೆ. ಎಲ್ಲಿ ತೊಂದರೆ ಎಂದು ಕೇಳಿದೆ. 'ಮೇಲಿನ ಹೊಲದಲ್ಲಿ ಕಾಂಗರೂ ನುಗ್ಗಿವೆ' ಎಂದರು. ಮೂರು ಸಲ ಅದನ್ನೇ ಹೇಳಿದರು. ನಿಮಗೆ ಹೊಲ ಇದೆಯೇ?"

"ಇಲ್ಲ" ಎಂದೆ. "ಹೇಳುವಾಗ ಕೈ ಎಲ್ಲಿಟ್ಟುಕೊಂಡಿದ್ದ?"

ಅವಳು ಯೋಚಿಸಿ ತನ್ನ ಹಣೆ ಮುಟ್ಟಿ ತೋರಿಸಿದಳು.

ನನಗೆ ನಗು ಬಂದುಬಿಟ್ಟಿತು. ನರ್ಸ್‌ಗಳೆಲ್ಲ ತಿರುಗಿ ನೋಡಿದರು. ಹತ್ತೊಂಬತ್ತು ದಿನಗಳಿಂದ ನಾನು ನಕ್ಕಿರಲಿಲ್ಲ, ತಡೆಯಲು ಆಗಲಿಲ್ಲ. ಮೇಲಿನ ಹೊಲವೆಂದರೆ ತಲೆ. ಅಲ್ಲಿ ಕಾಂಗರೂ ನುಗ್ಗಿವೆ ಎಂದರೆ ಬುದ್ಧಿ ಎಲ್ಲೆಲ್ಲೋ ಹಾರುತ್ತಿದೆ, ನೆಟ್ಟಗಿಲ್ಲ ಎಂದು. ಊರಿನ ಪ್ರತಿ ಗಂಡಸೂ ಇನ್ನೊಬ್ಬನ ಬಗ್ಗೆ ಆಡುವ ಮಾತು. "ಅವನು ಹೊಲದ ಬಗ್ಗೆ ಹೇಳಿಲ್ಲ. ತನ್ನ ಕಾಯಿಲೆ ಎಲ್ಲಿದೆ ಎಂದು ಹೇಳಿದ್ದಾನೆ. ನೀವು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ" ಎಂದೆ.

ಮಾರಿಟ್ ಕೈಯಲ್ಲಿದ್ದ ಫೈಲು ತೆರೆದು ಪುಟ ತಿರುವಿದಳು. ಆಮೇಲೆ, "ಹಾಗಾದರೆ ನಿನ್ನೆ ತಮ್ಮದೇ ಕೈಬರಹ ನೋಡಿ 'ನಾಯಿಯ ತಿಂಡಿ' ಎಂದದ್ದು?"

"ಕಲಸುಮೇಲೋಗರ ಎಂದರ್ಥ. ಅವನ ಬರಹ ಮೊದಲೂ ಹಾಗೇ ಇತ್ತು."

"ನಾನು ನಾಯಿಗೆ ಯಾರು ಊಟ ಹಾಕುತ್ತಿದ್ದಾರೆಂದು ವಿಚಾರಿಸಿ ಎಂದು ಬರೆದಿಟ್ಟಿದ್ದೇನೆ." ಅವಳ ಕಿವಿಯವರೆಗೆ ಕೆಂಪಾಯಿತು. "ಮತ್ತೆ ಆ 'ಯಾ, ನಾ'?"

ಆಗ ನನಗೆ ಹೊಳೆಯಿತು. 'ಯಾ, ನಾ' ಎಂದರೆ ನಿನ್ನ ಮಾತು ಕೇಳಿಸಿತು, ಆದರೆ ಇಲ್ಲ. 'ನಾ, ಯಾ' ಎಂದರೆ ಅದೇನೂ ದೊಡ್ಡದಲ್ಲ, ಹೌದು. ಕೊನೆಯ ಪದವೇ ಉತ್ತರ. ಅವನ ಹೆಸರು ಪೀಟರ್ ಅಲ್ಲ. ಅವನು ಆಸ್ಪತ್ರೆಯಲ್ಲಿದ್ದಾನೆ. ಅವತ್ತು ಪಕ್ಕದಲ್ಲೇ ಕುಳಿತಿದ್ದೆ, ನನಗೇಕೆ ಹೊಳೆಯಲಿಲ್ಲವೋ.

"ಇಂಥ ಪದಗಳು ಇನ್ನೆಷ್ಟಿವೆ?" ಎಂದಳು.

"ಅವನ ಮಾತೆಲ್ಲ ಇಂಥದ್ದೇ."

"ಹಾಗಾದರೆ ನನಗೆ ಬರೆದುಕೊಡಿ. ಅರ್ಥದ ಸಮೇತ."

ಹತ್ತು ವರ್ಷದ ಮಕ್ಕಳ ಬಾಯಿಂದ ಈ ಪದಗಳನ್ನು ಕಿತ್ತುಹಾಕುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ಹಾಗೆಂದು ಅವಳಿಗೆ ಹೇಳಲಿಲ್ಲ.

ಏಪ್ರಿಲ್ 20, ಶನಿವಾರ

ಬೆಳಿಗ್ಗೆ ಅಡುಗೆಮನೆಯ ಮೇಜಿನ ಮುಂದೆ ಕಾಗದ ಹರಡಿ ಕುಳಿತೆ. ಆರು ಪದ ಬರೆಯುವಷ್ಟರಲ್ಲಿ ನಿಂತುಹೋಯಿತು. ಕೆಲ್ ಏನು ಹೇಳುತ್ತಿದ್ದ ಎಂದು ನೆನೆಸಿಕೊಂಡರೆ ಅವನ ಧ್ವನಿ ಬರುತ್ತದೆ, ಪದ ಬರುವುದಿಲ್ಲ. ಕೊನೆಗೆ ಮ್ಯಾಕಾನಿಗೆ ಫೋನ್ ಮಾಡಿದೆ. ಮೂರು ಮನೆ ಆಚೆಗಿರುವ ಮೆಕ್‌ಅಲಿಸ್ಟರ್‌ಗೆ ಊರೆಲ್ಲ ಕರೆಯುವ ಹೆಸರು ಮ್ಯಾಕಾ. ಇಪ್ಪತ್ತಾರು ವರ್ಷ ಕೆಲ್ ಜೊತೆ ಒಂದೇ ತಂಡದಲ್ಲಿ ಉಣ್ಣೆ ಕತ್ತರಿಸಿದವನು. ಒಂದು ಡಜನ್ ಮೊಟ್ಟೆ ಹಿಡಿದುಕೊಂಡು ಬಂದ.

"ಪೆನ್ನು ಹಿಡ್ಕೊ ಜೋಸ್. ನಾನು ಹೇಳ್ತಾ ಹೋಗ್ತೀನಿ. ಆರ್ವೋ ಅಂದ್ರೆ ಮಧ್ಯಾಹ್ನದ ಮೇಲೆ."

"ಅದು ನನಗೆ ತಿಳಿದಿದೆ ಮ್ಯಾಕಾ."

"ತಿಳಿಯದೇ ಏನು. ನಮ್ಮ ಶೇನ್ ಕೈಲಿ 'ಇನ್ಮೇಲೆ ಆರ್ವೋ ಅನ್ನಲ್ಲ' ಅಂತ ಐವತ್ತು ಸಲ ಬರೆಸಿದ್ದು ನೀನೇ ಅಲ್ವಾ. ಐವತ್ತೂ ಬರೆದು ಮುಗಿಸಿ, 'ಅಪ್ಪಾ, ಆರ್ವೋ ಮೀನು ಹಿಡಿಯೋಕೆ ಹೋಗೋಣ' ಅಂದ."

ನಾನು ಮುಂದಿನ ಪದ ಕೇಳಿದೆ.

"ಡನ್ನಿ, ಕಕ್ಕಸು. ಇದು ಮೊದಲು ಕಲೀಲಿ ಆ ಹುಡುಗಿ, ಇಲ್ದಿದ್ರೆ ಹಾಸಿಗೆ ಒದ್ದೆ. ಕ್ರುಕ್, ಮೈ ಸರಿಯಿಲ್ಲ. ಫೇರ್ ಡಿಂಕಮ್ ಅಂದ್ರೆ ಆಣೆ ಇಟ್ಟ ಹಾಗೆ ನಿಜ. ಮೇಟ್ ಅಂದ್ರೆ ಸ್ನೇಹಿತ. ಆದ್ರೆ 'ನೋಡು ಮೇಟ್' ಅಂತ ಶುರು ಮಾಡಿದ್ರೆ ಹೊಡೆದಾಟಕ್ಕೆ ಇನ್ನೆರಡು ನಿಮಿಷ ಇದೆ ಅಂತ."

"ಎರಡನ್ನೂ ಬರೆಯಲೇ?"

"ಬರಿ ಮತ್ತೆ. ಆಮೇಲೆ ಶೀಲ್ ಬಿ ರೈಟ್. ಎಲ್ಲಾ ಸರಿ ಹೋಗುತ್ತೆ ಅಂತ."

"ಅಂದರೆ ಸರಿ ಹೋಗುತ್ತದೆ ಎಂದು ನಂಬಿದ್ದಾನೆ ಎಂದರ್ಥ."

"ಇಲ್ಲ ಮಾರಾಯ್ತಿ. ನಂಬಿದ್ರೆ ಸುಮ್ಮನಿರ್ತಾನೆ. ನಂಬಿಕೆ ಇಲ್ದಾಗ್ಲೇ ಬಾಯಿ ಬಿಟ್ಟು ಹೇಳೋದು."

ಅದನ್ನೂ ಬರೆದೆ. ಮುಂದಿನದು 'ನಾಟ್ ಬ್ಯಾಡ್'. ಕೆಟ್ಟದ್ದೇನಲ್ಲ ಎಂದು ಬರೆಯಹೊರಟೆ. ಮ್ಯಾಕಾ ಕಾಗದದ ಮೇಲೆ ಕೈಯಿಟ್ಟ.

"ಹಂಗಲ್ಲ. ಬಹಳ ಚೆನ್ನಾಗಿದೆ ಅಂತ ಬರಿ."

"ಕೆಟ್ಟದ್ದಲ್ಲ ಎಂದರೆ ಕೆಟ್ಟದ್ದಲ್ಲ ಎಂದಷ್ಟೇ."

"ಜೋಸ್, ಡ್ಯಾನ್ಸ್ ಹಾಲಲ್ಲಿ ಮೊದಲನೇ ಸಲ ನಿನ್ನ ನೋಡಿ ಬಂದು ಕೆಲ್ ನನ್ಹತ್ರ ಏನಂದ ಗೊತ್ತಾ? ನಾಟ್ ಬ್ಯಾಡ್ ಅಂದ. ಅಷ್ಟೇ. ಆಮೇಲೆ ಮೂರು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ನಮ್ಮ ಅಡುಗೆಯವನು ಬೇಜಾರು ಮಾಡ್ಕೊಂಡ."

ನಲವತ್ತೊಂದು ವರ್ಷ ನನ್ನ ಅಡುಗೆ, ನನ್ನ ಹೊಸ ಉಡುಪು, ನಾನು ಬಣ್ಣ ಬಳಿಸಿದ ಗೋಡೆ ಎಲ್ಲದಕ್ಕೂ ಅವನು ಹೇಳಿದ್ದು ಅದೊಂದೇ ಮಾತು. ಪ್ರತಿ ಸಲವೂ ಮುಖ ಬಿಗಿದುಕೊಂಡು ತಟ್ಟೆ ಎತ್ತಿದ್ದೇನೆ.

ಮ್ಯಾಕಾ ಹೋದ ಮೇಲೆ ಎಣಿಸಿದೆ. ಅರವತ್ತೆರಡು ಪದ. ಅಂದವಾಗಿ ಪ್ರತಿ ಮಾಡಿದ್ದೇನೆ.

ಏಪ್ರಿಲ್ 29, ಸೋಮವಾರ

ಮಾರಿಟ್ ಅದೇ ಇಪ್ಪತ್ತು ಪ್ರಶ್ನೆಗಳನ್ನು ಮತ್ತೆ ಕೇಳಿದಳು. ಕೊನೆಯ ಪದವನ್ನು ಉತ್ತರವೆಂದು ಹಿಡಿದಳು. ಇಪ್ಪತ್ತಕ್ಕೆ ಹದಿನೆಂಟು ಸರಿ. ತಪ್ಪಾದ ಎರಡರಲ್ಲಿ ಒಂದು, "ನಿಮ್ಮ ಹೆಂಡತಿ ನಿಮಗಿಂತ ಎತ್ತರವೇ?" ಅದಕ್ಕೆ "ನಾ, ಯಾ" ಎಂದ. ಅವನು ತಪ್ಪು ಹೇಳಲಿಲ್ಲ, ಕೀಟಲೆ ಮಾಡಿದ್ದು. ನನಗೆ ಗೊತ್ತಾಯಿತು, ಮಾರಿಟ್‌ಗೂ ಹೇಳಿದೆ. ಹತ್ತೊಂಬತ್ತು ಎಂದು ತಿದ್ದಿದಳು.

ವಸ್ತುಗಳ ಹೆಸರು ಮಾತ್ರ ಇನ್ನೂ ಒಂದೂ ಬಂದಿಲ್ಲ. ಲೋಟವನ್ನು ಲೋಟ ಎನ್ನಲಾರ. ಹುಡುಕುತ್ತಾನೆ, ಸಿಗದೆ ಕಣ್ಣು ಮುಚ್ಚಿಕೊಳ್ಳುತ್ತಾನೆ. ರೂಢಿಯ ಮಾತು ಬಾಯಿಗೆ ತಾನಾಗಿ ಬರುತ್ತದೆ, ಹೆಸರನ್ನು ಮಾತ್ರ ಹುಡುಕಿ ತರಬೇಕಂತೆ, ಆ ದಾರಿಯೇ ಕಡಿದುಹೋಗಿದೆಯಂತೆ.

ಹೊರಡುವಾಗ ನಾನು ಧನ್ಯವಾದ ಹೇಳಿದೆ. ಆ ಹುಡುಗಿ ಪಟ್ಟಿಯನ್ನು ಒಂದು ಸಲ ಓರೆಗಣ್ಣಿನಿಂದ ನೋಡಿಕೊಂಡು, "ಶೀಲ್ ಬಿ ರೈಟ್, ಮೇಟ್" ಎಂದಳು. ಹಾಸಿಗೆಯಲ್ಲಿದ್ದ ಕೆಲ್ ಕೆಮ್ಮುವವರೆಗೆ ನಕ್ಕ.

ಮೇ 5, ಭಾನುವಾರ

ಬ್ರೋನ್ ಬಂದು ಎರಡು ದಿನ ಇದ್ದು ಹೋದಳು. ಅಪ್ಪನ ಗಡ್ಡ ಬೋಳಿಸಿದಳು, ಉಗುರು ಕತ್ತರಿಸಿದಳು. ವಾಪಸು ಬರುವಾಗ ಕಾರಿನಲ್ಲಿ ಜಗಳವಾಯಿತು.

"ಅಮ್ಮ, ನೀನೊಬ್ಳೇ ಹೇಗೆ ನೋಡ್ಕೋತೀಯ? ಅಪ್ಪಂಗೆ ಎತ್ತಿ ಕೂರಿಸ್ಬೇಕು, ಸ್ನಾನ ಮಾಡಿಸ್ಬೇಕು."

"ಕಲಿಯುತ್ತೇನೆ."

"ಅದಲ್ಲ ನಾನು ಹೇಳ್ತಿರೋದು. ಅಪ್ಪನ ಹತ್ರ ಈಗ ಉಳ್ದಿರೋದು ಆ ಮಾತೊಂದೇ. ನಿಂಗೆ ಅದು ಕೇಳಿದ್ರೆ ಮೈ ಉರೀತಿತ್ತು. ದಿನಾ ಬೆಳಿಗ್ಗೆಯಿಂದ ರಾತ್ರಿವರೆಗೂ ಅದನ್ನೇ ಕೇಳ್ಕೊಂಡು ಇರ್ತೀಯಾ? ಅಪ್ಪನ್ನ ತಿದ್ದದೇ ಇರ್ತೀಯಾ?"

"ನಾನು ಯಾವಾಗ ತಿದ್ದಿದೆ?"

ಅವಳು ಕಿಟಕಿಯ ಹೊರಗೆ ನೋಡಿದಳು. ಗೋಧಿ ಬಿತ್ತಿದ ಹೊಲಗಳಲ್ಲಿ ದೂಳೆದ್ದಿತ್ತು. ಆಮೇಲೆ, "ಶಾಲೆಯ ಬಹುಮಾನದ ದಿನ ಅಪ್ಪ ಇನ್‌ಸ್ಪೆಕ್ಟರ್ ಹತ್ರ ಮಾತಾಡಿದ್ದಕ್ಕೆ ಮನೆಗೆ ಬಂದು ಏನಂದೆ ಅಂತ ನೆನಪಿದೆಯಾ? ನಾನು ಆರು ವರ್ಷದವಳು. ನಂಗೆ ನೆನಪಿದೆ" ಎಂದಳು.

ನನಗೂ ನೆನಪಿದೆ. ಇನ್‌ಸ್ಪೆಕ್ಟರ್ ಹೆಗಲ ಮೇಲೆ ಕೆಲ್ ಕೈಹಾಕಿ ಮೇಟ್ ಎಂದ, ಅವರ ಭಾಷಣ ಕೇಳಿ ಚೆನ್ನಾಗಿ ಬೊಗಳಿದಿರಿ ಎಂಬರ್ಥದ ಏನೋ ಹೇಳಿದ. ಆ ಮನುಷ್ಯ ನಕ್ಕಿದ್ದರು. ನಾನು ನಕ್ಕಿರಲಿಲ್ಲ. "ಇನ್ನು ಮುಂದೆ ಶಾಲೆಯವರ ಎದುರು ಬಾಯಿ ತೆರೆಯಬೇಡ" ಎಂದೆ. ಅವನು "ಸರಿ, ಜೋಸ್" ಎಂದ. ಆಮೇಲೆ ಇಪ್ಪತ್ತೆಂಟು ವರ್ಷ ಶಾಲೆಯ ಯಾವ ಸಮಾರಂಭದಲ್ಲೂ ಅವನು ಮಾತನಾಡಿದ್ದು ನಾನು ಕೇಳಿಲ್ಲ. ಗೋಡೆಗೆ ಒರಗಿ ನಿಂತು ಕುರ್ಚಿ ಮಡಚುವ ಹೊತ್ತಿಗೆ ಕಾಯುತ್ತಿದ್ದ. ಸಭ್ಯತೆ ಕಲಿತನೆಂದುಕೊಂಡಿದ್ದೆ.

ಮನೆ ಬಂತು. ಬ್ರೋನ್‌ಗೆ ಸೂಪ್ ಬಿಸಿ ಮಾಡಿಕೊಟ್ಟೆ. ಇಂದು ಇನ್ನು ಬರೆಯಲಾರೆ.

ಮೇ 11, ಶನಿವಾರ

ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದೇನೆ, ಇನ್ನೂ ಬೆಳಕಿದೆ.

ಹನ್ನೊಂದಕ್ಕೆ ಬಂದೆ. ಕೆಲ್ ದಿಂಬಿಗೆ ಒರಗಿದ್ದ. ತುಟಿ ಬಿಳಿಚಿತ್ತು. ವಾರದ ಕೊನೆಗೆ ಬರುವ ನರ್ಸ್, ಒಳ್ಳೆಯ ಹೆಂಗಸು, "ಬೆಳಿಗ್ಗೆ ಸ್ವಲ್ಪ ಕ್ರುಕ್ ಅಂದ್ರು. ಜ್ವರ ಇಲ್ಲ, ಬಿ.ಪಿ. ಪರವಾಗಿಲ್ಲ. ಮಾತ್ರೆ ಕೊಟ್ಟಿದ್ದೀನಿ" ಎಂದಳು.

ಅವನ ಪಕ್ಕ ಕುಳಿತು, "ಹೇಗಿದ್ದೀಯ ಕೆಲ್?" ಎಂದೆ.

ನನ್ನ ಕಣ್ಣನ್ನೇ ನೋಡಿದ. "ಕ್ರುಕ್, ಜೋಸ್."

ಪಟ್ಟಿಯಲ್ಲಿ ನಾನೇ ಬರೆದಿದ್ದೆ, ಕ್ರುಕ್ ಎಂದರೆ ಮೈ ಸರಿಯಿಲ್ಲ. ಊರಿನವರೆಲ್ಲ ಅದನ್ನು ಹಾಗೇ ಹೇಳುತ್ತಾರೆ, ನೆಗಡಿಗೂ ಹೇಳುತ್ತಾರೆ. ಕೆಲ್ ಹೇಳುವುದಿಲ್ಲ. ನಲವತ್ತೊಂದು ವರ್ಷದಲ್ಲಿ ಅವನು ತನ್ನ ಬಗ್ಗೆ ಆ ಮಾತು ಹೇಳಿದ್ದು ಎರಡೇ ಸಲ. ಒಮ್ಮೆ ಬೋರ್ಕ್ ಕಡೆಯ ಉಣ್ಣೆ ಶೆಡ್ಡಿನಿಂದ ಫೋನಿನಲ್ಲಿ. ಅವತ್ತು ಸಂಜೆ ಅವನ ಅಪೆಂಡಿಕ್ಸ್ ಒಡೆದಿತ್ತು. ಇನ್ನೊಮ್ಮೆ ತಮ್ಮನನ್ನು ಮಣ್ಣು ಮಾಡಿ ಬಂದ ದಿನ.

ನರ್ಸ್‌ಗೆ ಹೇಳಿದೆ. "ಎಲ್ರೂ ಅಂತಾರಲ್ವಾ ಮಿಸೆಸ್ ಡನ್‌ಸ್ಟನ್. ನಮ್ಮ ಮಾವ ಅಂತೂ ದಿನಾ ಕ್ರುಕ್" ಎಂದಳು.

"ನಿಮ್ಮ ಮಾವ ಅನ್ನಲಿ. ನನ್ನ ಗಂಡ ಅನ್ನಲ್ಲ."

ಕರ್ತವ್ಯದಲ್ಲಿದ್ದ ವೈದ್ಯ ಮೊಗಸಾಲೆಯಲ್ಲಿ ಹೋಗುತ್ತಿದ್ದ. ಎಳೆಯವನು, ಕೈಯಲ್ಲಿ ಹತ್ತು ಕಾಗದ. ಅಡ್ಡ ನಿಂತೆ.

"ಡಾಕ್ಟ್ರೇ, ನಾಲ್ಕನೇ ಹಾಸಿಗೆ ನೋಡಿ. ಈಗಲೇ."

"ನೋಡ್ತೀನಿ ಮೇಡಂ, ಎರಡು ಗಂಟೆ ಒಳಗೆ…"

"ಎರಡು ಗಂಟೆ ಇಲ್ಲ. ಕೇಳಿ ಇಲ್ಲಿ. ಇವ್ನು ಪಕ್ಕೆಲುಬು ಮೂರು ಮುರ್ಕೊಂಡು ಬಂದು ಸ್ವಲ್ಪ ಉಳುಕಿದೆ ಅಂದವ್ನು. ಕತ್ತರಿ ಯಂತ್ರಕ್ಕೆ ಬೆರಳು ಕೊಟ್ಟು ಶೀಲ್ ಬಿ ರೈಟ್ ಅಂದವ್ನು. ಅಂಥವ್ನು ಬಾಯಿ ಬಿಟ್ಟು ಕ್ರುಕ್ ಅಂತಿದ್ದಾನೆ. ಫೇರ್ ಡಿಂಕಮ್ ಹೇಳ್ತೀನಿ, ನೀವು ಈ ಬಾಗಿಲು ದಾಟಿ ಹೋದ್ರೆ ನಾನು ಇಲ್ಲೇ ನೆಲದ ಮೇಲೆ ಮಲ್ಕೋತೀನಿ."

ಹುಡುಗ ನನ್ನನ್ನೇ ನೋಡಿದ. "ನಮ್ಮ ತಾತನೂ ಹಂಗೇ ಇದ್ರು" ಎಂದು ಒಳಗೆ ಬಂದ. ಎಡಗಾಲು, ಬಲಗಾಲು ಮುಟ್ಟಿ ನೋಡಿದ. ಬಲ ಮೀನಖಂಡ ಬಿಸಿಯಾಗಿ ಊದಿತ್ತು. ಆಮೇಲೆ ಅವನು ನಡೆಯಲಿಲ್ಲ, ಓಡಿದ. ಹಾಸಿಗೆಯನ್ನೇ ತಳ್ಳಿಕೊಂಡು ಸ್ಕ್ಯಾನಿಗೆ ಹೋದರು.

ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿದೆ. ಔಷಧ ಏರಿಸುತ್ತಿದ್ದಾರೆ. ಕಾಯಬೇಕು ಎಂದಿದ್ದಾರೆ.

ಮೇ 12, ಭಾನುವಾರ

ಉಳಿದ.

ಮೇ 13, ಸೋಮವಾರ

ನಿನ್ನೆ ತಾಯಂದಿರ ದಿನವಾಗಿತ್ತಂತೆ. ಬ್ರೋನ್ ಹೂವಿನ ಬದಲು ತಾನೇ ಬಂದಿದ್ದಾಳೆ, ಆರು ಗಂಟೆ ಕಾರು ಓಡಿಸಿಕೊಂಡು. ಆ ಎಳೆಯ ವೈದ್ಯ ಅವಳಿಗೆ ಹೇಳಿದನಂತೆ, ಸಂಜೆಯವರೆಗೆ ಬಿಟ್ಟಿದ್ದರೆ ಕಷ್ಟವಿತ್ತು ಎಂದು. ಕ್ಯಾಂಟೀನಿನಲ್ಲಿ ಚಹಾ ತಂದುಕೊಟ್ಟು ನನ್ನ ಪಕ್ಕ ಕುಳಿತು ನನ್ನ ಹೆಗಲಿಗೆ ತಲೆ ಇಟ್ಟಳು. ಚಿಕ್ಕವಳಿದ್ದಾಗಲೂ ಅವಳು ಹಾಗೆ ಮಾಡುತ್ತಿದ್ದದ್ದು ಅಪ್ಪನ ಹೆಗಲಿಗೆ.

ಆರ್ವೋ ಕೆಲ್ ಕಣ್ಣು ಬಿಟ್ಟ. ಹೇಗಿದ್ದೀಯ ಎಂದೆ. ಮೂಗಿನಲ್ಲಿ ಕೊಳವೆ, ಕೈಯಲ್ಲಿ ಸೂಜಿ. "ನಾಟ್ ಬ್ಯಾಡ್" ಎಂದ. ನಾನು ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ. ಮಾರಿಟ್ ಬಂದು ಬೆನ್ನು ಸವರಿದಳು. "ಅಳಬೇಡಿ ಜೋಸ್ಲಿನ್, ನಾಟ್ ಬ್ಯಾಡ್ ಅಂದ್ರೆ ಬಹಳ ಚೆನ್ನಾಗಿದೆ ಅಂತ. ನೀವೇ ಬರೆದಿದ್ದೀರಿ, ಹದಿನಾಲ್ಕನೇದು" ಎಂದಳು.

ಮೇ 28, ಮಂಗಳವಾರ

ಸಭೆ ಮುಗಿಯಿತು. ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ಎಲ್ಲ ಒಟ್ಟಿಗೆ ಬಂದುಬಿಡುತ್ತದೆ.

ಮೇಜಿನ ಸುತ್ತ ವೈದ್ಯರು, ಮಾರಿಟ್, ಬ್ರೋನ್, ನಾನು. ಗಾಲಿಕುರ್ಚಿಯಲ್ಲಿ ಕೆಲ್, ಇಸ್ತ್ರಿ ಮಾಡಿದ ಅಂಗಿ ಹಾಕಿಸಿದ್ದೆ. ನಿರ್ಧಾರ ಮಾಡುವ ಅಧಿಕಾರಿ ಗೋಡೆಯ ಟಿ.ವಿ. ಪರದೆಯ ಮೇಲೆ. ನನ್ನದೇ ವಯಸ್ಸಿನ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ.

"ಮಿಸ್ಟರ್ ಡನ್‌ಸ್ಟನ್, ನಿಮಗೆ ಮನೆಗೆ ಹೋಗ್ಬೇಕಾ?"

ಕೆಲ್ ಬೆವರಿದ್ದ. "ನಾ… ಯಾ."

"ಹೌದಾ, ಇಲ್ವಾ? ನನ್ನ ಫಾರಂನಲ್ಲಿ ಎರಡೇ ಖಾನೆ ಇರೋದು."

ನಾನು ಬಾಯಿ ತೆರೆಯುವ ಮೊದಲೇ ಮಾರಿಟ್ ಎದ್ದು ನಿಂತಳು. "ಕೊನೇ ಪದ ಬರ್ಕೊಳ್ಳಿ ಮೇಡಂ. ಇಲ್ಲಿನವರದು ಯಾವಾಗ್ಲೂ ಕೊನೇ ಪದಾನೇ ಲೆಕ್ಕ. ನಾನು ಆರು ವಾರ ಪರೀಕ್ಷೆ ಮಾಡಿದ್ದೀನಿ, ನೂರಕ್ಕೆ ತೊಂಬತ್ನಾಲ್ಕು."

ಪರದೆಯ ಹೆಂಗಸು ಕನ್ನಡಕ ತೆಗೆದು ನಕ್ಕಳು. "ನಾನೂ ಈ ಕಡೆಯವಳೇ, ಡಬ್ಬೋದವಳು ಕಣಮ್ಮ. ನಂಗೆ ಗೊತ್ತು. ಫಾರಂಗೆ ಗೊತ್ತಿಲ್ಲ."

ಆಮೇಲಿನ ಪ್ರಶ್ನೆಗಳು ಕಠಿಣವಾಗಿದ್ದವು. ಬೆಂಕಿ ಬಿದ್ದರೆ? ಬಾಗಿಲ ಕಡೆ ಎಡಗೈ ತೋರಿಸಿದ. ಹೆಂಡತಿ ಬಿದ್ದು ಮಾತನಾಡದಿದ್ದರೆ? ಫೋನ್ ಹಿಡಿಯುವಂ‌ತೆ ಕೈ ಕಿವಿಗಿಟ್ಟು, ಒಂದು ಗುಂಡಿ ಒತ್ತಿದಂತೆ ಮಾಡಿ, "ಮೇಟ್" ಎಂದ. ಮ್ಯಾಕಾನ ನಂಬರ್ ಒಂದನೆಯ ಗುಂಡಿಗೆ ಹಾಕಿದ್ದೇವೆ ಎಂದು ನಾನು ವಿವರಿಸಿದೆ. ನಿಮಗೆ ಮೈ ಸರಿಯಿಲ್ಲದಿದ್ದರೆ? ವೈದ್ಯರು ಕೈಯೆತ್ತಿ, "ಅದನ್ನ ಅವರು ಆಗ್ಲೇ ಮಾಡಿ ತೋರಿಸಿದ್ದಾರೆ" ಎಂದರು.

ಆಗ ಬ್ರೋನ್ ಮುಂದಕ್ಕೆ ಬಾಗಿದಳು. "ನಾನೊಂದು ಕೇಳ್ಲಾ? ಅಪ್ಪ, ಅಮ್ಮಂಗೆ ಕಷ್ಟ ಆಗಲ್ವಾ?"

ಕೆಲ್ ತನ್ನ ಸೋತ ಕೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡ. ಬರೀ "ಯಾ" ಎಂದ. ಹಿಂದೆ ಮುಂದೆ ಏನೂ ಇಲ್ಲ.

"ಆಗುತ್ತೆ" ಎಂದೆ ನಾನು. "ಆಗ್ಲಿ ಬಿಡಿ. ಇವ್ನು ಮಾತಾಡ್ದೆ ಇದ್ದ ಮನೇಲಿ ನಾನು ಬೇಕಾದಷ್ಟು ದಿನ ಇದ್ದು ಆಯ್ತು."

ಮೂರು ತಿಂಗಳು ಪ್ರಯೋಗಕ್ಕೆ ಮನೆಗೆ ಕಳಿಸುತ್ತಾರೆ. ವಾರಕ್ಕೆ ಮೂರು ದಿನ ಸಹಾಯಕಿ ಬರುತ್ತಾಳೆ, ಮಾರಿಟ್ ಪರದೆಯ ಮೇಲೆ ಪಾಠ ಮಾಡುತ್ತಾಳೆ. ಬ್ರೋನ್ ಸಹಿ ಹಾಕಿದಳು. ಸಮುದ್ರದ ಕಿಟಕಿಯ ಕೋಣೆಯನ್ನು ಅಲ್ಲೇ ಫೋನ್ ಮಾಡಿ ಬೇಡವೆಂದಳು.

ಕಾರಿನವರೆಗೂ ನಡೆದು ಬಂದು ಬಾಗಿಲು ತೆರೆದು ಕುಳಿತೆ. ಚಾವಿ ತಿರುಗಿಸಲಿಲ್ಲ. ಎದೆಯ ಮೇಲೆ ಎರಡು ತಿಂಗಳಿಂದ ಯಾರೋ ಕುಳಿತಿದ್ದವರು ಎದ್ದು ಹೋದ ಹಾಗಿತ್ತು.

ಜೂನ್ 14, ಶುಕ್ರವಾರ

ಮನೆಗೆ ಬಂದ. ಮ್ಯಾಕಾ ಬಾಗಿಲಿಗೆ ಹಲಗೆಯ ಇಳಿಜಾರು ಮಾಡಿದ್ದಾನೆ, ಸ್ವಲ್ಪ ವಾಲಿದೆ. ಕೆಲ್ ಅದನ್ನು ನೋಡಿ "ನಾಯಿಯ ತಿಂಡಿ" ಎಂದ. ಮ್ಯಾಕಾ, "ನಿನ್ನ ಮೇಲಿನ ಹೊಲ ನೋಡ್ಕೊ ಮೊದ್ಲು" ಎಂದ. ಇಬ್ಬರೂ ಕೈ ಕೈ ಹಿಡಿದುಕೊಂಡು ಕಣ್ಣೊರೆಸಿಕೊಂಡರು, ನಾನು ನೋಡಲಿಲ್ಲವೆಂದುಕೊಂಡು.

ಸುಸ್ತಾಗಿದೆ. ಒಳ್ಳೆಯ ಸುಸ್ತು.

ಜೂನ್ 23, ಭಾನುವಾರ

ಒಂಬತ್ತು ದಿನ ಬರೆಯಲು ಆಗಲಿಲ್ಲ. ಎತ್ತುವುದು, ಕೂರಿಸುವುದು, ಒಗೆಯುವುದು. ಒಂದು ದಿನ ಸ್ನಾನದ ಮನೆಯಲ್ಲಿ ಇಬ್ಬರೂ ಜಾರಿ ಕುಳಿತುಬಿಟ್ಟೆವು, ಪೆಟ್ಟಾಗಲಿಲ್ಲ, ಆದರೆ ಏಳಲು ಅರ್ಧ ಗಂಟೆ ಹಿಡಿಯಿತು. ಹೆಸರುಗಳು ಇನ್ನೂ ಬಂದಿಲ್ಲ. ಮಾರಿಟ್ ಪರದೆಯಲ್ಲಿ ಕಾರ್ಡು ತೋರಿಸುತ್ತಾಳೆ, ಕೆಲ್ ಕಣ್ಣು ಮುಚ್ಚಿಕೊಳ್ಳುತ್ತಾನೆ. ಕೆಲವು ದಿನ ಕಾರ್ಡನ್ನು ದೂರ ತಳ್ಳುತ್ತಾನೆ.

ಇಂದು ಆರ್ವೋ ಬಿಸಿಲು ಚೆನ್ನಾಗಿತ್ತು. ಹಿಂಬಾಗಿಲ ಜಗಲಿಯಲ್ಲಿ ಅವನನ್ನು ಕೂರಿಸಿ ನಾನು ಹಾಸಿಗೆ ಬಟ್ಟೆ ಒಣಗಹಾಕುತ್ತಿದ್ದೆ. ಬ್ರೋನ್ ಫೋನ್ ಮಾಡಿ ಹೇಗಿದ್ದೀಯ ಅಮ್ಮ ಎಂದಳು. "ಏನು ಹೇಳ್ಲಿ, ಬೆಳಿಗ್ಗೆಯಿಂದ ನೀರು ಕುಡಿಯೋ ಕಪ್ಪೆ ಥರ ಆಗಿದೆ ನನ್ನ ಪಾಡು" ಎಂದೆ. ಉಸಿರಾಡಲು ಬಿಡುವಿಲ್ಲದಷ್ಟು ಕೆಲಸವಿದ್ದಾಗ ಉಣ್ಣೆ ಶೆಡ್ಡಿನವರು ಹೇಳುವ ಮಾತು. ಹೊಟ್ಟೆ ನೆಲಕ್ಕೆ ಹಚ್ಚಿ ಗಟಗಟ ನೀರು ಕುಡಿಯುವ ಪ್ರಾಣಿಯಂತೆ.

ಹಿಂದಿನಿಂದ ಕೆಲ್ ಕುರ್ಚಿಯ ಕೈ ಬಡಿದ. "ನಾ."

ತಿರುಗಿ ನೋಡಿದೆ. ಮುಖ ಕೆಂಪಾಗಿತ್ತು. "ನಾ, ನಾ. ಓ… ಓತಿ…" ಕಣ್ಣು ಮುಚ್ಚಿಕೊಳ್ಳಲಿಲ್ಲ. ನನ್ನನ್ನೇ ನೋಡುತ್ತಿದ್ದ, ಎಷ್ಟು ಸಲ ಹೇಳಿಕೊಟ್ಟರೂ ತಪ್ಪು ಬರೆಯುವ ಹುಡುಗಿಯನ್ನು ನೋಡುವ ಹಾಗೆ. "ಓತಿಕ್ಯಾತ."

ಬಟ್ಟೆ ಕೈಯಿಂದ ಮಣ್ಣಿಗೆ ಬಿತ್ತು. ಆ ಮಾತಿನಲ್ಲಿ ನೀರು ಕುಡಿಯುವುದು ಕಪ್ಪೆಯಲ್ಲ, ಓತಿಕ್ಯಾತ. ಹನ್ನೆರಡು ವಾರದಲ್ಲಿ ಅವನಾಗಿಯೇ ಹುಡುಕಿ ತೆಗೆದ ಮೊದಲ ಹೆಸರು. ಫೋನಿನಲ್ಲಿ ಬ್ರೋನ್, "ಯಾರು ಅಂದಿದ್ದು? ಅಮ್ಮ, ಯಾರದು?" ಎನ್ನುತ್ತಿದ್ದಳು.

ಭಾನುವಾರವಾದರೂ ಮಾರಿಟ್‌ಗೆ ಫೋನ್ ಮಾಡಿದೆ. ಅವಳು ಮೂರು ಸಲ ಹೇಳಿಸಿಕೊಂಡಳು. "ಬೇಕೂಂತಲೇ ಕಪ್ಪೆ ಅಂದ್ರಾ ಜೋಸ್? ಇದು ಒಳ್ಳೇ ಉಪಾಯ. ಪುಸ್ತಕದಲ್ಲಿ ಇಲ್ಲ ಇದು."

"ಇಲ್ಲ ಕಣೇ. ನಾನು ನಿಜವಾಗ್ಲೂ ಕಪ್ಪೆ ಅಂತಲೇ ಅಂದ್ಕೊಂಡಿದ್ದೆ."

"ಹಾಗಾದ್ರೆ ಇನ್ಮೇಲೆ ಬೇಕೂಂತಲೇ ತಪ್ಪು ಹೇಳಿ. ಎಷ್ಟಾಗುತ್ತೋ ಅಷ್ಟು."

ಮಣ್ಣಾದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಅವನ ಎದುರು ಕುರ್ಚಿ ಎಳೆದುಕೊಂಡು ಕುಳಿತೆ. ಬಿಸಿಲು ಬೇಲಿ ದಾಟುವವರೆಗೆ ನಾನು ತಪ್ಪು ಹೇಳುತ್ತ ಹೋದೆ, ಅವನು ತಿದ್ದುತ್ತ ಹೋದ. ಕೆಲವದಕ್ಕೆ ಬಾಯಿ ತೆರೆದು ಹಾಗೇ ನಿಂತ, ಕೆಲವದಕ್ಕೆ ಬಗ್ಗರ್ ಎಂದ. ಹನ್ನೊಂದರಲ್ಲಿ ನಾಲ್ಕು ಸಿಕ್ಕವು. ಶಾಲೆಯಲ್ಲಾಗಿದ್ದರೆ ನಾಪಾಸು ಮಾಡಿ ಕೂರಿಸುತ್ತಿದ್ದೆ. ಒಳಗೆ ಹೋಗಿ ಸ್ಕೋನ್ ಬನ್ನು ಬಿಸಿ ಮಾಡಿ, ಇಬ್ಬರ ಪಾಲಿಗೂ ಬೆಣ್ಣೆ ದಪ್ಪಗೆ ಹಚ್ಚಿ ತಂದೆ.